ಬೀಚಿಯವರನ್ನು ಎಲ್ಲಿಂದ ಓದಬೇಕು?

ಕಳೆದ ರಾಜ್ಯೋತ್ಸವದ ದಿನ ಊಟವಾದ ಮೇಲೆ ಹಾಸ್ಯ ಕಾರ್ಯಕ್ರಮವಿತ್ತೆಂಬುದು ಬಂದವರಿಗೆಲ್ಲ ನೆನಪಿರಬಹುದು. ನಮ್ಮ ಸಂಘದ ಬಂಧುವೊಬ್ಬರು ಮೈಕು ಹಿಡಿದು, ಬೀಚಿಯವರು ಹೇಳಿದ್ದು ಎಂದು ಹತ್ತು ಹದಿನೈದು ಚಟಾಕಿ ಹಾರಿಸಿದರು. ಹಿರಿಯರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಮೂರಕ್ಕೆ ಎರಡು ಮಾತು ಹೆಂಡತಿಯ ಮೇಲೆಯೇ. ನಮ್ಮ ಪಕ್ಕದಲ್ಲಿ ಕುಳಿತಿದ್ದ ಹದಿನಾರರ ಹುಡುಗಿ, ಇಲ್ಲಿಯೇ ಹುಟ್ಟಿ ಬೆಳೆದವಳು, ಒಮ್ಮೆಯೂ ನಗಲಿಲ್ಲ. ಕಾರ್ಯಕ್ರಮ ಮುಗಿದು ಪಾತ್ರೆ ತೊಳೆಯುವಾಗ ಕೇಳಿದಳು: “ಅಂಕಲ್, ಅಪ್ಪ ಮನೇಲಿ ಯಾವಾಗ್ಲೂ ಬೀಚಿ ಬೀಚಿ ಅಂತಾರಲ್ಲ, ಅದು ಇಷ್ಟೇನಾ?”

ನಮ್ಮ ಬಾಯಲ್ಲಿ ತಕ್ಷಣ ಉತ್ತರ ಬರಲಿಲ್ಲ. ತೊಳೆದ ಸೌಟನ್ನೇ ಇನ್ನೊಮ್ಮೆ ತೊಳೆದೆವು.

ಅದೇ ವಾರ ಇನ್ನೊಬ್ಬ ಸದಸ್ಯರು ಫೋನ್ ಮಾಡಿದರು. ತೀರಿಕೊಂಡ ತಂದೆಯವರ ಪುಸ್ತಕಗಳಲ್ಲಿ ಕೆಲವನ್ನು ಹರಿಹರದಿಂದ ಸೂಟ್‌ಕೇಸಿನಲ್ಲಿ ತಂದಿದ್ದರು. ತೂಕದ ಮಿತಿಯಿಂದಾಗಿ ಭೈರಪ್ಪನವರ ದಪ್ಪ ದಪ್ಪ ಕಾದಂಬರಿಗಳು ಊರಲ್ಲೇ ಉಳಿದವು, ಬೀಚಿಯವರ ತೆಳ್ಳನೆಯ ಪುಸ್ತಕಗಳು ವಿಮಾನ ಹತ್ತಿದವು. “ಹತ್ತೊಂಬತ್ತು ಅದಾವ ಡಾಕ್ಟ್ರೇ. ನಾ ಒಂದೂ ಓದಿಲ್ಲ. ಯಾವುದರಿಂದ ಶುರು ಮಾಡಬೇಕು ಹೇಳ್ರಿ” ಎಂದರು. ಆ ಹುಡುಗಿಯದೂ ಇವರದೂ ಒಂದೇ ಪ್ರಶ್ನೆ ಎಂದು ನಮಗೆ ತೋರಿತು. ಈ ಬರಹ ಆ ಇಬ್ಬರಿಗೂ, ಮನೆಯ ಅಟ್ಟದಲ್ಲಿ ಇಂಥ ಪೆಟ್ಟಿಗೆ ಇಟ್ಟುಕೊಂಡಿರುವ ಇತರ ಬಂಧುಗಳಿಗೂ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಬೀಚಿ ಎಂದರೆ ರಾಯಸಂ ಭೀಮಸೇನರಾವ್. ಹುಟ್ಟಿದ್ದು 1913ರ ಏಪ್ರಿಲ್ 23ರಂದು, ಹರಪನಹಳ್ಳಿಯಲ್ಲಿ. ತೀರಿಕೊಂಡದ್ದು 1980ರ ಡಿಸೆಂಬರ್ 7ರಂದು. ಪೊಲೀಸ್ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದವರು. ತಮ್ಮ ಕಾವ್ಯನಾಮದ ಮೊದಲ ಅಕ್ಷರವನ್ನು ಕನ್ನಡದಲ್ಲಿಯೂ ಎರಡನೆಯದನ್ನು ಇಂಗ್ಲಿಷಿನಲ್ಲಿಯೂ ಬರೆಯುತ್ತಿದ್ದರು; ಪುಸ್ತಕಗಳ ಮುಖಪುಟದ ಮೇಲೂ ಹಾಗೆಯೇ ಅಚ್ಚಾಗುತ್ತದೆ. ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳ ನೋಟ್‌ಬುಕ್ ನೋಡಿದವರಿಗೆ ಇದು ಹೊಸದೆನಿಸದು. ಅರ್ಧ ಪದ ಕನ್ನಡದಲ್ಲಿ ಬರೆದು, ಒತ್ತಕ್ಷರ ಬಂದೊಡನೆ ಧೈರ್ಯಗೆಟ್ಟು ಉಳಿದರ್ಧವನ್ನು ರೋಮನ್ ಅಕ್ಷರದಲ್ಲಿ ಮುಗಿಸುತ್ತಾರೆ. ಬೀಚಿಯವರು ಅದನ್ನೇ ಸಹಿ ಮಾಡಿಕೊಂಡಿದ್ದರು.

ಕಾದಂಬರಿ, ನಾಟಕ, ಹನಿಗತೆ, ಪದ್ಯ, ಪ್ರಶ್ನೋತ್ತರ, ಆತ್ಮಕಥೆ ಎಲ್ಲ ಸೇರಿ ಅರವತ್ತರ ಆಸುಪಾಸು ಪುಸ್ತಕಗಳು ಅವರವು. ತೊಡಕಿರುವುದು ಇಲ್ಲಿಯೇ. ಅಂಗಡಿಯಲ್ಲಿ ಎಲ್ಲ ಒಂದೇ ಸಾಲಿನಲ್ಲಿ, ಎಲ್ಲಕ್ಕೂ ಒಂದೇ ಬಗೆಯ ಹೆಸರು, ಎಲ್ಲದರ ಮೇಲೂ ‘ಹಾಸ್ಯಬ್ರಹ್ಮ’ ಎಂಬ ಮುದ್ರೆ. ಒಳಗಿನ ಸರಕು ಮಾತ್ರ ಒಂದೇ ಅಲ್ಲ. ನಗುವುದಕ್ಕೆಂದು ಎತ್ತಿಕೊಂಡವನ ಕೈಗೆ ಕಣ್ಣೀರಿನ ಕಾದಂಬರಿ ಸಿಗಬಹುದು. ಕಾದಂಬರಿಯೆಂದು ಎತ್ತಿಕೊಂಡವನಿಗೆ ನಾಲ್ಕು ಸಾಲಿನ ಚುಟುಕುಗಳು ಸಿಗಬಹುದು. ಹೀಗೆ ಮೊದಲ ಹೆಜ್ಜೆ ತಪ್ಪಿ ‘ಬೀಚಿ ನಮಗಲ್ಲ’ ಎಂದು ಬಿಟ್ಟವರನ್ನು ನಾವು ಬಲ್ಲೆವು.

ನಮ್ಮ ಕಥೆಯನ್ನೇ ಹೇಳಬೇಕೆಂದರೆ, ನಾವೂ ತಪ್ಪಾಗಿಯೇ ಶುರು ಮಾಡಿದವರು. 1988ರಲ್ಲಿ ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿಗೆ ಎಂ.ಬಿ.ಬಿ.ಎಸ್.ಗೆ ಸೇರಿದಾಗ ಹಾಸ್ಟೆಲಿನ ಕೋಣೆಯಲ್ಲಿ ಹಿಂದಿನವರು ಬಿಟ್ಟುಹೋದ ‘ಸತೀ ಸೂಳೆ’ ಸಿಕ್ಕಿತು. ಹದಿನೆಂಟರ ಹುಡುಗರು ಆ ಹೆಸರಿನ ಪುಸ್ತಕವನ್ನು ಯಾತಕ್ಕಾಗಿ ಎತ್ತಿಕೊಳ್ಳುತ್ತಾರೋ ನಾವೂ ಅದಕ್ಕಾಗಿಯೇ ಎತ್ತಿಕೊಂಡೆವು. ಅದು ಸಿಗಲಿಲ್ಲ. ಹೋಗಲಿ, ಹಾಸ್ಯವಾದರೂ ಇದ್ದೀತೆಂದು ಹುಡುಕಿದರೆ ಅದೂ ನಾವು ಬಯಸಿದ ಬಗೆಯದಲ್ಲ. ಸಿಕ್ಕಿದ್ದು ಸಿಟ್ಟು. ಒಂದೇ ಹೆಂಗಸಿಗೆ ಈ ಎರಡು ಹೆಸರನ್ನೂ ಇಡಬಲ್ಲ ಸಮಾಜದ ಮೇಲಿನ ಸಿಟ್ಟು. ಆ ವಯಸ್ಸಿಗೆ ನಮಗದು ತಿಳಿಯಲಿಲ್ಲ. ಅನಾಟಮಿಯ ಎಲುಬಿನ ಪೆಟ್ಟಿಗೆಯ ಕೆಳಗೆ ಸೇರಿದ ಪುಸ್ತಕ ಎರಡು ವರ್ಷ ಅಲ್ಲೇ ಇತ್ತು.

ಇದೇ ಹೊತ್ತಿನಲ್ಲಿ ಗೆಳೆಯರೆಲ್ಲ ವುಡ್‌ಹೌಸ್ ಓದುತ್ತಿದ್ದರು. ಪಿ. ಜಿ. ವುಡ್‌ಹೌಸ್ (1881-1975) ತೊಂಬತ್ತಕ್ಕೂ ಹೆಚ್ಚು ಪುಸ್ತಕ ಬರೆದ ಇಂಗ್ಲಿಷ್ ಹಾಸ್ಯ ಕಾದಂಬರಿಕಾರ. ಅವನನ್ನು ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ‘ದಿ ಕೋಡ್ ಆಫ್ ದಿ ವೂಸ್ಟರ್ಸ್’ (1938) ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಹಾಗೆ ಹೇಳದಿದ್ದರೂ ನಷ್ಟವಿಲ್ಲ. ಯಾವ ಪುಸ್ತಕ ತೆರೆದರೂ ಅದೇ ಬಂಗಲೆ, ಅದೇ ಚಿಕ್ಕಮ್ಮಂದಿರು, ಎಲ್ಲವನ್ನೂ ಸರಿಪಡಿಸುವ ಅದೇ ಜೀವ್ಸ್. ಅಲ್ಲಿ ಹಸಿವಿಲ್ಲ, ಬಾಡಿಗೆ ಬಾಕಿಯಿಲ್ಲ. ಪೊಲೀಸನ ಟೋಪಿ ಕದಿಯುವುದೇ ದೊಡ್ಡ ಅಪರಾಧ. ಬೀಚಿಯವರಿಗೆ ಪೊಲೀಸ್ ಟೋಪಿಯ ಪರಿಚಯ ಬೇರೆ ರೀತಿಯದು. ಅವರು ಆ ಇಲಾಖೆಯ ಕಾಗದಪತ್ರಗಳ ನಡುವೆ ಸಂಬಳ ಎಣಿಸಿದವರು. ಠಾಣೆಯ ಬಾಗಿಲಿಗೆ ಬಂದು ನಿಲ್ಲುವ ಮನುಷ್ಯ ಯಾವ ಸ್ಥಿತಿಯಲ್ಲಿರುತ್ತಾನೆಂದು ಬಲ್ಲವರು. ಆದ್ದರಿಂದ ವುಡ್‌ಹೌಸನಂತೆ ಇವರನ್ನು ‘ಯಾವುದಾದರೂ ತೆಗೆದುಕೊಳ್ಳಿ’ ಎಂದು ಹೇಳಿ ಬಿಡುವಂತಿಲ್ಲ.

ನಮ್ಮ ಅಭಿಪ್ರಾಯ ಇದು: ಕಾದಂಬರಿಗಳಿಂದ ಶುರು ಮಾಡಬೇಡಿ. ತಿಂಮನಿಂದ ಶುರು ಮಾಡಿ.

ತಿಂಮ (ಬೀಚಿಯವರು ಒತ್ತಕ್ಷರ ಬಿಟ್ಟು ಸೊನ್ನೆ ಇಟ್ಟೇ ಬರೆಯುವುದು) ಯಾರು ಎಂದು ಕೇಳಿದರೆ ಹೇಳುವುದು ಕಷ್ಟ. ಒಮ್ಮೆ ಶಾಲೆಯ ಹುಡುಗ, ಒಮ್ಮೆ ಗುಮಾಸ್ತ, ಒಮ್ಮೆ ಗಂಡ, ಒಮ್ಮೆ ಕುಡುಕ, ಒಮ್ಮೆ ಸಾಕ್ಷಿಕಟ್ಟೆಯಲ್ಲಿ ನಿಂತವನು, ಒಮ್ಮೆ ನಮ್ಮಂಥ ವೈದ್ಯರ ಮುಂದೆ ಕುಳಿತ ರೋಗಿ. ಅವನಿಗೆ ವಯಸ್ಸಿಲ್ಲ, ಊರಿಲ್ಲ, ನಿನ್ನೆಯ ನೆನಪಿಲ್ಲ. ದೊಡ್ಡವರ ಪ್ರಶ್ನೆಗೆ ಅಕ್ಷರಶಃ ಉತ್ತರ ಕೊಡುವುದೊಂದೇ ಅವನ ಕೆಲಸ. ಆ ಉತ್ತರದಿಂದ ಪ್ರಶ್ನೆ ಕೇಳಿದವರ ದೊಡ್ಡಸ್ತಿಕೆ ಬಯಲಾಗುತ್ತದೆ.

ಇಲ್ಲಿನ ಮಕ್ಕಳಿಗೆ ತಿಂಮನನ್ನು ಪರಿಚಯಿಸಲು ಒಂದು ಸುಲಭ ದಾರಿಯಿದೆ. ಸ್ವೀಡನ್ನಿನ ಶಾಲೆಗೆ ಹೋದ ಯಾವ ಮಗುವಿಗೂ ಬೆಲ್‌ಮನ್ ಕಥೆಗಳು ಗೊತ್ತು. ಒಬ್ಬ ಜರ್ಮನ್, ಒಬ್ಬ ರಷ್ಯನ್, ಒಬ್ಬ ಬೆಲ್‌ಮನ್ ಎಂದು ಶುರುವಾಗುವ, ಕೊನೆಗೆ ಬೆಲ್‌ಮನ್ನನೇ ಗೆಲ್ಲುವ ಚಿಲ್ಲರೆ ಕಥೆಗಳು. ಕಾರ್ಲ್ ಮಿಕಾಯೆಲ್ ಬೆಲ್‌ಮನ್ (1740-1795) ನಿಜವಾಗಿ ಈ ದೇಶದ ದೊಡ್ಡ ಕವಿ ಎಂಬುದು ಆ ಮಕ್ಕಳಿಗೆ ಹೈಸ್ಕೂಲಿನಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ಅವನು ಅವರ ಗೆಳೆಯನಾಗಿಬಿಟ್ಟಿರುತ್ತಾನೆ. ತಿಂಮ ನಮ್ಮ ಬೆಲ್‌ಮನ್ ಎಂದು ಹೇಳಿ ನೋಡಿ. ಚಿಕ್ಕವರಾದರೆ ಲೊನ್ನೆಬೆರ್ಗಾದ ಎಮಿಲನ ಹೆಸರು ಹೇಳಿ. ಆಸ್ಟ್ರಿಡ್ ಲಿಂಡ್‌ಗ್ರೆನ್ 1963ರಲ್ಲಿ ಸೃಷ್ಟಿಸಿದ ಆ ಹುಡುಗನಿಗೂ ತಿಂಮನಿಗೂ ಸೋದರ ಸಂಬಂಧ ಹೊಂದುತ್ತದೆ. ಇಬ್ಬರೂ ಕೆಟ್ಟವರಲ್ಲ, ಹೇಳಿದ್ದನ್ನು ಹೇಳಿದಂತೆ ತೆಗೆದುಕೊಳ್ಳುವುದೇ ಅವರ ಅಪರಾಧ.

ಇನ್ನು ಪದಗಳ ಆಟ. ಪದವನ್ನು ನಡುವೆ ಮುರಿದು ಬೇರೆ ಅರ್ಥ ಹೊರಡಿಸುವುದು, ಎರಡು ಪದ ಬೆಸೆದು ಮೂರನೆಯದು ಮಾಡುವುದು ಬೀಚಿಯವರ ಕೈಚಳಕ. ತಿಂಮನಿಗೂ ಡಿಕ್ಷನರಿಗೂ ಮದುವೆ ಮಾಡಿಸಿ ‘ತಿಂಮಿಕ್ಷನರಿ’ ಎಂಬ ಪುಸ್ತಕ ಬರೆದರು. (ಇದಕ್ಕೂ ಮೊದಲೇ ಕನ್ನಡದಲ್ಲಿ ನಾ. ಕಸ್ತೂರಿಯವರ ‘ಅನರ್ಥಕೋಶ’ ಬಂದಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನಮಗೆ ಕಸ್ತೂರಿಯವರದೇ ಹೆಚ್ಚು ಚುರುಕು ಎನಿಸುತ್ತದೆ. ಬೀಚಿ ಅಭಿಮಾನಿಗಳು ಕ್ಷಮಿಸಬೇಕು.) ಈ ಆಟ ಇಲ್ಲಿನ ಮಕ್ಕಳಿಗೆ ಅರ್ಥವಾಗದೆಂದು ಅನೇಕ ತಂದೆತಾಯಿಯರು ಮೊದಲೇ ಕೈಚೆಲ್ಲುತ್ತಾರೆ. ನಾವು ಒಪ್ಪುವುದಿಲ್ಲ. ಸ್ವೀಡಿಷ್ ಭಾಷೆಯೂ ಪದ ಬೆಸೆಯುವ ಭಾಷೆಯೇ. ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ‘ರೋಕ್‌ಫ್ರಿತ್’ ಎಂದು ಬರೆದಿದೆ. ಇಲ್ಲಿ ಹೊಗೆ ಸೇದುವಂತಿಲ್ಲ ಎಂದು ಅರ್ಥ. ಅದನ್ನೇ ಯಾರೋ ‘ರೋಕ್ ಫ್ರಿತ್’ ಎಂದು ಬಿಡಿಸಿ ಬರೆದರೆ ‘ಧಾರಾಳವಾಗಿ ಸೇದಿ’ ಎಂದಾಗುತ್ತದೆ. ಇಂಥ ತಪ್ಪುಗಳ ಪಟ್ಟಿ ಮಾಡಿ ನಗುವುದು ಇಲ್ಲಿನ ಶಾಲಾಮಕ್ಕಳ ಕಾಯಂ ಕಸುಬು. ಆ ಕಿವಿ ಇರುವ ಮಗುವಿಗೆ ಬೀಚಿ ದೂರದವರಲ್ಲ. ಬೇಕಾದದ್ದು ಪಕ್ಕದಲ್ಲಿ ಕುಳಿತು ಓದಿ ಹೇಳುವ ಒಬ್ಬ ಹಿರಿಯರು.

ಹಾಗಾದರೆ ತಿಂಮನ ಯಾವ ಪುಸ್ತಕ? ‘ಬೆಳ್ಳಿ ತಿಂಮ ನೂರೆಂಟು ಹೇಳಿದ’ ಮೊದಲು. ಅದು ಹಿಡಿಸಿದರೆ ‘ತಿಂಮನ ತಲೆ’, ಆಮೇಲೆ ‘ತಿಂಮ ರಸಾಯನ’. ಒಂದು ಎಚ್ಚರಿಕೆ ಮಾತ್ರ ವೈದ್ಯರಾಗಿ ಹೇಳುತ್ತೇವೆ: ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ಇವು ಒಂದೇ ಉಸಿರಿಗೆ ಓದುವ ಪುಸ್ತಕಗಳಲ್ಲ. ಚಕ್ಕುಲಿ ಡಬ್ಬಿ ಮುಂದಿಟ್ಟುಕೊಂಡು ಕುಳಿತಂತೆ ಐದನೆಯದಕ್ಕೆ ನಾಲಿಗೆ ದಣಿಯುತ್ತದೆ, ಹತ್ತನೆಯದಕ್ಕೆ ಹಲ್ಲು ನೋಯುತ್ತದೆ. ನಿಜ ಹೇಳಬೇಕೆಂದರೆ ಅವುಗಳಲ್ಲಿ ಜೊಳ್ಳೂ ಬಹಳ. ಬೀಚಿಯವರು ಪತ್ರಿಕೆಗಳಿಗೆ ವಾರವಾರ ಬರೆದುಕೊಟ್ಟವರು. ವಾರ ಬಂದೇ ಬರುತ್ತದೆ, ನಗೆ ಬರಲೇಬೇಕೆಂದಿಲ್ಲ. ಮುಂದಿನ ಸಾಲು ಏನೆಂದು ಮೊದಲೇ ಗೊತ್ತಾಗುವ ತಿಂಮನೂ ಇದ್ದಾನೆ, ಮಾತಿನ ತಿರುವಿಗಾಗಿ ಎಳೆದು ತಂದ ತಿಂಮನೂ ಇದ್ದಾನೆ. ಆದರೆ ಮೂರಕ್ಕೊಂದು ಗಟ್ಟಿ ಕಾಳು ಸಿಗುತ್ತದೆ. ಅದು ಸಿಕ್ಕ ದಿನ ಮನೆಮಂದಿಯೆಲ್ಲ ಅದೇ ಮಾತಾಡುತ್ತಾರೆ.

ಇಲ್ಲಿ ಸ್ವಂತದ್ದೊಂದು ಸಂಗತಿ ಹೇಳಲು ಅಪ್ಪಣೆ ಬೇಡುತ್ತೇವೆ. ಹೊಸಪೇಟೆಯಲ್ಲಿರುವ ನಮ್ಮ ತಾಯಿಯವರಿಗೆ ಈಗ ಎಂಬತ್ತೆರಡು. ಮರೆವಿನ ಕಾಯಿಲೆ. ಪ್ರತಿ ಭಾನುವಾರ ಫೋನಿನ ಪರದೆಯಲ್ಲಿ ಮುಖ ನೋಡಿ “ಯಾವೂರಾಗ ಇದ್ದೀಯಪ್ಪಾ?” ಎಂದು ಕೇಳುತ್ತಾರೆ. ಸುಂಡ್‌ಬೀಬರ್ಯ್ ಎಂದರೆ ಸಹಜವಾಗಿಯೇ ನಗುತ್ತಾರೆ. ಆ ಹೆಸರಿಗೆ ನೆನಪಿದ್ದವರೂ ನಗುತ್ತಾರೆ ಬಿಡಿ. ನಮ್ಮ ತಂದೆಯವರು ತಾಲ್ಲೂಕು ಕಚೇರಿಯ ಗುಮಾಸ್ತರು. ರಾತ್ರಿ ಊಟವಾದ ಮೇಲೆ ಬೀಚಿಯವರದು ಒಂದೆರಡು ಪುಟ ಓದಿ ಹೇಳುತ್ತಿದ್ದರು. ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಮಾತು ಸಾಗದೆ, ಕೈಗೆ ಸಿಕ್ಕ ತಿಂಮನ ಪುಟವೊಂದನ್ನು ತಾಯಿಯವರಿಗೆ ಓದತೊಡಗಿದೆವು. ಕೊನೆಯ ಸಾಲಿಗೆ ಬರುವ ಮುನ್ನ ಅವರೇ ಆ ಸಾಲು ಹೇಳಿದರು, ತಂದೆಯವರ ಧಾಟಿಯಲ್ಲಿ, ಅವರಂತೆಯೇ ನಡುವೆ ನಿಲ್ಲಿಸಿ. ಬಹಳ ಹಿಂದೆ ಬೇರೂರಿದ ಮಾತು ಹೊಸ ನೆನಪು ಹೋದ ಮೇಲೂ ಉಳಿಯುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಇದು ಚಿಕಿತ್ಸೆಯಲ್ಲ, ಹಾಗೆಂದು ಯಾರೂ ಭಾವಿಸಬಾರದು. ಮುಂದಿನ ವಾರ ಮತ್ತೆ ಯಾವೂರು ಎಂದೇ ಕೇಳಿದರು. ನಾವು ಮತ್ತೆ ತಿಂಮನನ್ನು ತೆಗೆದೆವು.

ತಿಂಮನ ನಂತರ ಏನು? ಪ್ರಶ್ನೆ ಕೇಳುವ ವಯಸ್ಸಿನವರಿಗೆ ‘ಉತ್ತರಭೂಪ’. ಬೀಚಿಯವರು ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಆ ಹೆಸರಿನಲ್ಲೇ ಮಹಾಭಾರತದ ಬಾಯಿಬಡುಕ ಉತ್ತರಕುಮಾರ ಕುಳಿತಿದ್ದಾನೆ, ಉತ್ತರ ಹೇಳುವ ಮಹಾರಾಜನೂ ಕುಳಿತಿದ್ದಾನೆ. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳದೆ ಇತರರನ್ನು ಗೇಲಿ ಮಾಡಬಾರದೆಂಬ ಅವರ ರೀತಿ ಹೆಸರಿನಲ್ಲಿಯೇ ಕಾಣುತ್ತದೆ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ (1943) ಬಾಯಿಪಾಠ ಇರುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಅವರು ‘ಅಂದನಾ ತಿಂಮ’ ನೋಡಬೇಕು. ಕಗ್ಗದ ಜಾಡಿನಲ್ಲಿಯೇ ನಡೆಯುವ ಪದ್ಯಗಳು. ಆದರೆ ಇಲ್ಲಿನ ತಿಂಮ ಗುರುಪೀಠ ಏರುವುದಿಲ್ಲ, ಬೀದಿಯಲ್ಲೇ ನಿಂತಿರುತ್ತಾನೆ.

ಇಷ್ಟು ಓದಿ ರುಚಿ ಹತ್ತಿದವರಿಗೆ ‘ನನ್ನ ಭಯಾಗ್ರಫಿ’. ನಮ್ಮ ದೃಷ್ಟಿಯಲ್ಲಿ ಬೀಚಿಯವರ ಎಲ್ಲ ಪುಸ್ತಕಗಳಲ್ಲಿ ಇದು ಮೇಲು. ಬಯಾಗ್ರಫಿಯ ಬಕಾರಕ್ಕೆ ಸ್ವಲ್ಪ ಉಸಿರು ತುಂಬಿದ್ದಾರೆ, ಅಷ್ಟೇ. ಇಡೀ ಬಾಳು ಅದರಲ್ಲಿ ಬಂದುಬಿಟ್ಟಿದೆ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ, ಇನ್ನೊಬ್ಬರ ಮನೆಯ ಅನ್ನದಲ್ಲಿ ಬೆಳೆದ, ಬಡತನವನ್ನು ಪುಸ್ತಕದಲ್ಲಿ ಓದಿ ತಿಳಿಯದ ಮನುಷ್ಯನ ಕಥೆ. ಕರುಣೆ ಬೇಡುವ ಒಂದು ಸಾಲೂ ಇಲ್ಲ. ಎರಡನೆಯ ಸಲ ಬೀಚಿಯವರ ಕಡೆಗೆ ನಮ್ಮನ್ನು ಕರೆತಂದದ್ದು ಇದೇ ಪುಸ್ತಕ. ಸೆಕೆಂಡ್ ಎಂ.ಬಿ.ಬಿ.ಎಸ್.ನಲ್ಲಿ ಒಂದು ವಿಷಯದಲ್ಲಿ ನಪಾಸಾಗಿ ಊರಿಗೆ ಹೋದಾಗ ತಂದೆಯವರು ಬೈಯಲಿಲ್ಲ. ಇದನ್ನು ಕೈಗಿಟ್ಟು ಕಚೇರಿಗೆ ಹೋದರು. ಸಂಜೆ ಅವರು ಬರುವ ಹೊತ್ತಿಗೆ ಮುಗಿಸಿದ್ದೆವು. ನಪಾಸಾದದ್ದರ ಬಗ್ಗೆ ಮನೆಯಲ್ಲಿ ಮತ್ತೆ ಮಾತೇ ಬರಲಿಲ್ಲ.

ಬೀಚಿಯವರ ಬಾಳಿನ ಒಂದು ಸಂಗತಿಯನ್ನು ನಮ್ಮ ಹೊರನಾಡಿನ ಮಕ್ಕಳಿಗೆ ತಪ್ಪದೆ ಹೇಳಬೇಕು. ಅವರು ಯೌವನದಲ್ಲಿ ಕನ್ನಡ ಪುಸ್ತಕಗಳನ್ನು ಕಂಡರೆ ಮೂಗು ಮುರಿಯುತ್ತಿದ್ದವರು. ಬಳ್ಳಾರಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು (ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ). ಕಚೇರಿಯಲ್ಲಿ ಇಂಗ್ಲಿಷು, ಪೇಟೆಯಲ್ಲಿ ತೆಲುಗು. ಕನ್ನಡದಲ್ಲಿ ಓದುವಂಥದ್ದೇನಿದೆ ಎಂಬ ಭಾವನೆ. ಅಂಥವರ ಕೈಗೆ ಅ.ನ.ಕೃ. ಅವರ ‘ಸಂಧ್ಯಾರಾಗ’ ಸಿಕ್ಕಿತು. 1966ರಲ್ಲಿ ರಾಜ್‌ಕುಮಾರ್ ನಟಿಸಿದ, ಭೀಮಸೇನ ಜೋಶಿಯವರು ಹಾಡಿದ ಸಿನಿಮಾ ಅನೇಕರಿಗೆ ನೆನಪಿರಬಹುದು, ಅದೇ ಕಾದಂಬರಿ. ಅದನ್ನೋದಿ ಭೀಮಸೇನರಾಯರು ಅಲುಗಾಡಿಹೋದರು. ಅಂದಿನಿಂದ ಕನ್ನಡದವರಾದರು, ಅ.ನ.ಕೃ. ಅವರನ್ನು ಗುರುವೆಂದು ಕೊನೆಯವರೆಗೆ ನಡೆದುಕೊಂಡರು. ಅರವತ್ತು ಪುಸ್ತಕ ಬರೆದವರು ಬೆಳೆದು ದೊಡ್ಡವರಾದ ಮೇಲೆ ಕನ್ನಡಕ್ಕೆ ಬಂದವರು, ಅದೂ ಒಂದು ಸರಿಯಾದ ಪುಸ್ತಕ ಸರಿಯಾದ ಹೊತ್ತಿಗೆ ಸಿಕ್ಕಿದ್ದರಿಂದ. ಮುನ್ಸಿಪಾಲಿಟಿಯ ಮಾತೃಭಾಷಾ ಪಾಠಕ್ಕೆ ಕನಿಷ್ಠ ಐದು ಮಕ್ಕಳು ಬೇಕು, ತಕ್ಕ ಶಿಕ್ಷಕರೂ ಬೇಕು. ನಮ್ಮಲ್ಲಿ ಒಮ್ಮೆ ನಾಲ್ವರಾಗುತ್ತಾರೆ, ಐದನೆಯವರು ಸಿಕ್ಕೊಡನೆ ಇನ್ನೊಂದು ಮನೆಯವರು ಯೋತೆಬೊರಿಗೆ ಹೊರಟು ನಿಲ್ಲುತ್ತಾರೆ. ಪಾಠ ತಪ್ಪಿತೆಂದು ಕನ್ನಡವೇ ತಪ್ಪಿತೆಂದು ಕೊರಗುವ ತಾಯಂದಿರಿಗೆ ಈ ಕಥೆ ಗೊತ್ತಿರಲಿ.

ಈಗ ಆ ಹುಡುಗಿಯ ಪ್ರಶ್ನೆ. ಅದನ್ನು ತಪ್ಪಿಸಿಕೊಂಡು ಹೋಗುವುದು ನಮ್ಮಿಂದಾಗದು.

ಮೊದಲನೆಯದಾಗಿ, ವೇದಿಕೆಯ ಮೇಲೆ ಬೀಚಿಯವರ ಹೆಸರಿನಲ್ಲಿ ಹೇಳಿದ್ದೆಲ್ಲ ಬೀಚಿಯವರದಲ್ಲ. ಹರಿಹರದ ಪೆಟ್ಟಿಗೆಯನ್ನು ಎರವಲು ತಂದು, ಆ ದಿನ ಹೇಳಿದ ಮಾತುಗಳನ್ನು ಅವುಗಳಲ್ಲಿ ಹುಡುಕಿದೆವು. ಅರ್ಧಕ್ಕರ್ಧ ಸಿಗಲಿಲ್ಲ. ವಾಟ್ಸ್‌ಆ್ಯಪಿನಲ್ಲಿ ಅನಾಥವಾಗಿ ಓಡಾಡುವ ನಗೆಹನಿಗಳಿಗೆಲ್ಲ ಬೀಚಿಯವರೇ ಅಪ್ಪ. ಇದು ಅವರಿಗೆ ಆದ ಅನ್ಯಾಯ. ಇನ್ನೊಂದು ಕಡೆ, ಗಂಗಾವತಿಯ ಪ್ರಾಣೇಶ್ ಅವರಂಥವರು ಬೀಚಿಯವರನ್ನು ನಿಜಕ್ಕೂ ಓದಿ, ಅವರ ಮಾತನ್ನು ಸಾವಿರಾರು ಜನರ ಮುಂದೆ ಹೇಳಿ, ಹೊಸ ತಲೆಮಾರಿಗೆ ತಲುಪಿಸಿದ್ದನ್ನೂ ನೆನೆಯಬೇಕು. ಪ್ರಾಣೇಶರ ಮಾತು ಕೇಳಿ ಪುಸ್ತಕ ಕೊಂಡವರು ನಮ್ಮಲ್ಲಿಯೇ ಇದ್ದಾರೆ.

ಎರಡನೆಯದಾಗಿ, ಪುಸ್ತಕದಲ್ಲಿ ಸಿಕ್ಕ ಉಳಿದರ್ಧ. ಅದು ಅವರದೇ. ಹೆಂಡತಿಯನ್ನು ಬಡಬಡಿಸುವವಳು, ಸೀರೆ ಕೇಳುವವಳು, ಅಡಿಗೆ ಕೆಡಿಸುವವಳು ಎಂದು ನಗುವ ಮಾತುಗಳು ಅವರಲ್ಲಿವೆ, ಧಾರಾಳವಾಗಿಯೇ ಇವೆ. ‘ಆ ಕಾಲವೇ ಹಾಗಿತ್ತು’ ಎಂದು ಹಿರಿಯರು ಹೇಳುತ್ತಾರೆ. ಕಾಲ ಹಾಗಿತ್ತು, ನಿಜ. ಆದರೆ ದೇವರು, ಜಾತಿ, ಮಂತ್ರಿ, ಮಠ ಇವುಗಳಲ್ಲಿ ಕಾಲಕ್ಕಿಂತ ಮುಂದೆ ನಿಂತು ನೋಡಿದವರು ಮನೆಯ ಒಳಗಿನದನ್ನು ಮಾತ್ರ ಕಾಲದ ಕಣ್ಣಿನಿಂದಲೇ ನೋಡಿದರು ಎಂದರೆ ಅದು ಕೊರತೆಯೇ. ಆ ಹುಡುಗಿ ನಗದಿದ್ದುದು ಅವಳ ಕನ್ನಡದ ಕೊರತೆಯಿಂದಲ್ಲ. ಅವಳಿಗೆ ಎಲ್ಲ ಅರ್ಥವಾಗಿತ್ತು.

ಇಷ್ಟು ಹೇಳಿದ ಮೇಲೆ ಪೆಟ್ಟಿಗೆಯ ಇನ್ನೊಂದು ಬದಿಯನ್ನೂ ತೋರಿಸಬೇಕಾಗುತ್ತದೆ. ಅವರ ಕಾದಂಬರಿಗಳ ಹೆಸರುಗಳನ್ನು ಸಾಲಾಗಿ ನೋಡಿ: ‘ಸತೀ ಸೂಳೆ’, ‘ಸರಸ್ವತಿ ಸಂಹಾರ’, ‘ಖಾದಿ ಸೀರೆ’. ವಾರದ ಅಂಕಣದಲ್ಲಿ ಹೆಂಡತಿಯನ್ನು ನಗೆಗೀಡು ಮಾಡಿದ ಅದೇ ಲೇಖನಿ ಕಾದಂಬರಿಗೆ ಕುಳಿತಾಗ ಹೆಣ್ಣಿಗೆ ಆಗುವ ಅನ್ಯಾಯದ ಕಡೆಗೆ ತಿರುಗುತ್ತದೆ. ಅಲ್ಲಿ ನಗೆ ಕಡಿಮೆ. ಇದ್ದರೂ ಅದು ಹಲ್ಲು ಕಚ್ಚಿದ ನಗೆ. ನಾವು ಹದಿನೆಂಟರಲ್ಲಿ ಎಸೆದ ‘ಸತೀ ಸೂಳೆ’ಯನ್ನು ನಲವತ್ತು ದಾಟಿದ ಮೇಲೆ ಇಲ್ಲಿ, ಒಂದು ರಾತ್ರಿ ಪಾಳಿಯ ಬಿಡುವಿನಲ್ಲಿ, ಮತ್ತೆ ಓದಿದೆವು. ಗಂಡನ ಏಟು ತಿಂದು ‘ಮೆಟ್ಟಿಲಿನಿಂದ ಬಿದ್ದೆ’ ಎಂದು ಹೇಳುವ ಹೆಂಗಸರನ್ನು ಎರಡು ಖಂಡಗಳಲ್ಲಿ ನೋಡಿದ ಮೇಲೆ ಆ ಶೀರ್ಷಿಕೆ ನಮಗೆ ಬೇರೆಯಾಗಿಯೇ ಕೇಳಿಸಿತು. ಕಾದಂಬರಿಯಾಗಿ ಅದು ಸಡಿಲ. ಭಾಷಣ ಬರುತ್ತದೆ, ಪಾತ್ರಗಳು ಲೇಖಕರ ಮಾತನ್ನೇ ಆಡುತ್ತವೆ. ಕಾರಂತರ ಕಟ್ಟು, ಅ.ನ.ಕೃ. ಅವರ ಓಟ ಇವರಲ್ಲಿಲ್ಲ. ಆದರೆ ಆ ಸಿಟ್ಟು ಹಳತಾಗಿಲ್ಲ.

ಹೀಗಾಗಿ ಕಾದಂಬರಿಗಳನ್ನು ಕೊನೆಗೆ ಇಡಿ ಎಂದೆವು, ಬಿಡಿ ಎಂದಲ್ಲ. ಅವುಗಳಲ್ಲಿ ಮೊದಲು ‘ದಾಸಕೂಟ’. ಅದು ಅವರ ಮೊದಲ ಕಾದಂಬರಿ. ಹರಿದಾಸರ ಪರಂಪರೆಗೆ ಹೇಳುವ ಗೌರವದ ಮಾತನ್ನು ಎತ್ತಿ ಪುಸ್ತಕದ ಮೇಲೆ ಅಂಟಿಸಿದ ಕುಹಕ ನೋಡಿದರೇ ಮುಂದಿನ ಬೀಚಿ ಗೊತ್ತಾಗುತ್ತಾರೆ. ಆಮೇಲೆ ಮೇಲೆ ಹೇಳಿದವು. ‘ಬೆಂಗಳೂರು ಬಸ್ಸು’ ಮುಂತಾದವು ಸಿಕ್ಕರೆ ಓದಿ, ಸಿಗದಿದ್ದರೆ ಚಿಂತೆಯಿಲ್ಲ.

ಆ ಹುಡುಗಿಗೆ ಮಾತ್ರ ನಾವು ಬೇರೆ ಔಷಧ ಬರೆದುಕೊಟ್ಟೆವು: ‘ಭಯಾಗ್ರಫಿ’ಯ ಜೊತೆಗೆ ಟಿ. ಸುನಂದಮ್ಮನವರ ಹಾಸ್ಯ ಪ್ರಬಂಧಗಳು. ‘ಕೊರವಂಜಿ’ಯಲ್ಲಿ ಬರೆದು ಬೆಳೆದವರು ಸುನಂದಮ್ಮ. ಅದೇ ಅಡಿಗೆಮನೆ, ಅದೇ ಗಂಡಹೆಂಡಿರು, ಆದರೆ ಒಲೆಯ ಈ ಕಡೆಯಿಂದ ನೋಡಿದ್ದು. ಬೀಚಿಯವರ ಗಂಡಂದಿರಿಗೆ ಸಿಗಬೇಕಾದ ಉತ್ತರ ಅಲ್ಲಿದೆ. ಒಂದನ್ನು ಓದಿ ಇನ್ನೊಂದನ್ನು ಓದಿದರೆ ಮನೆ ಪೂರ್ತಿ ಕಾಣುತ್ತದೆ. ‘ಕೊರವಂಜಿ’ಯ ಹೆಸರು ಬಂದದ್ದಕ್ಕೆ ಒಂದು ಮಾತು, ವೃತ್ತಿಬಾಂಧವ್ಯದಿಂದ. 1942ರಿಂದ 1967ರವರೆಗೆ ಆ ಪತ್ರಿಕೆ ನಡೆಸಿದ ‘ರಾಶಿ’ಯವರು ವೈದ್ಯರು, ಡಾ. ಎಂ. ಶಿವರಾಂ. ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ಕಾಲು ಶತಮಾನ ನಾಡನ್ನು ನಗಿಸಿದರು. ವಿದ್ಯಾರ್ಥಿಯಾಗಿದ್ದ ಆರ್. ಕೆ. ಲಕ್ಷ್ಮಣ್ ಅವರಿಂದ ಚಿತ್ರ ಬರೆಸಿದರು. ಕೊನೆಗೆ ಅವರಿಗೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, ‘ಮನಮಂಥನ’ ಎಂಬ ಮನೋವೈದ್ಯದ ಪುಸ್ತಕಕ್ಕೆ. ವೈದ್ಯರ ಹಣೆಬರಹವೇ ಹಾಗೆ. ರಾಶಿಯವರ ಬಗ್ಗೆ ಇನ್ನೊಂದು ಸಂಚಿಕೆಯಲ್ಲಿ ಬರೆಯುತ್ತೇವೆ, ಸಂಪಾದಕರು ಜಾಗ ಕೊಟ್ಟರೆ.

ಆ ಹುಡುಗಿ ‘ಭಯಾಗ್ರಫಿ’ ಓದುತ್ತಿದ್ದಾಳೆ. ಓದುತ್ತಿರುವುದು ಎಂದರೆ, ದಿನಕ್ಕೆ ಎರಡು ಪುಟ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅಪ್ಪನಿಗೂ ಅದು ಮೊದಲ ಓದು ಎಂಬುದು ಎರಡನೆಯ ದಿನ ಗೊತ್ತಾಯಿತಂತೆ. ಇಷ್ಟು ವರ್ಷ ಬೀಚಿ ಬೀಚಿ ಎನ್ನುತ್ತಿದ್ದುದು ಕ್ಯಾಸೆಟ್ಟಿನಲ್ಲಿ ಕೇಳಿದ್ದರ ಬಲದ ಮೇಲೆ. ಹುಡುಗಿ ಹೋದ ಶನಿವಾರ ಲೈಬ್ರರಿಯ ಮುಂದೆ ಸಿಕ್ಕಿ, “ಅಂಕಲ್, ಇದ್ರಲ್ಲಿ ನಗು ಬರತ್ತೆ, ಆದ್ರೆ ನಕ್ಕ ಮೇಲೆ ಒಂಥರಾ ಆಗತ್ತೆ” ಎಂದಳು. ಮೂವತ್ತು ವರ್ಷ ಬೀಚಿಯವರನ್ನು ಓದಿದ ನಮಗೂ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಹರಿಹರದ ಪೆಟ್ಟಿಗೆಯ ಯಜಮಾನರು ದೊಡ್ಡ ಮನಸ್ಸು ಮಾಡಿ ಹತ್ತೊಂಬತ್ತು ಪುಸ್ತಕಗಳನ್ನೂ ಸಂಘದವರು ಓದಲೆಂದು ಬಿಟ್ಟುಕೊಟ್ಟಿದ್ದಾರೆ. ಪೆಟ್ಟಿಗೆ ಸದ್ಯಕ್ಕೆ ನಮ್ಮ ಮನೆಯಲ್ಲಿದೆ. ವಿಸ್ತೀರ್ಣದಲ್ಲಿ ನಮ್ಮದು ಸ್ವೀಡನ್ನಿನ ಅತಿ ಚಿಕ್ಕ ಮುನ್ಸಿಪಾಲಿಟಿ, ಒಂಬತ್ತು ಚದರ ಕಿಲೋಮೀಟರಿಗೂ ಕಡಿಮೆ. ಹಾಲೊನ್‌ಬರ್ಯೆನ್‌ನಿಂದಾಗಲಿ ರಿಸ್ನೆಯಿಂದಾಗಲಿ ಸಂಜೆಯ ನಡಿಗೆಗೆಂದು ಹೊರಟವರು ಬಂದು ಒಯ್ಯಬಹುದು. ಒಬ್ಬರಿಗೆ ಒಂದು ಸಲಕ್ಕೆ ಒಂದು ಪುಸ್ತಕ. ‘ಬೆಳ್ಳಿ ತಿಂಮ’ನ ಬೆನ್ನು ಬಿಟ್ಟಿದೆ, ಹಾಳೆಗಳು ಉದುರುತ್ತವೆ, ಮಕ್ಕಳ ಕೈಗೆ ಕೊಡುವ ಮುನ್ನ ನೋಡಿಕೊಳ್ಳಿ. ‘ಸತೀ ಸೂಳೆ’ಯನ್ನು ಯಾರೋ ಈಗಾಗಲೇ ಒಯ್ದಿದ್ದಾರೆ, ಹೆಸರು ಬರೆದಿಟ್ಟಿಲ್ಲ. ಓದಿ ಆದ ಮೇಲೆ ಹಿಂದಿರುಗಿಸಬೇಕೆಂದು ವಿನಂತಿ. ಯಾರೆಂದು ನಾವು ಕೇಳುವುದಿಲ್ಲ.